ವಯಸ್ಕರಲ್ಲಿ ಜನ್ಮಜಾತ ಉಸಿರಾಟದ ತೊಂದರೆಗಳು: ತುರ್ತು ಚಿಕಿತ್ಸೆಯ ವೇಳೆ ಗುರುತಿಸುವಿಕೆ ಹಾಗೂ ಕುಟುಂಬದವರು ನೀಡಬೇಕಾದ ಮಾಹಿತಿ

1. ಪೀಠಿಕೆ

ಉಸಿರಾಟದ ತೊಂದರೆಯಿಂದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವ ವಯಸ್ಕರಲ್ಲಿ ಬಹುತೇಕರ ಕಾಯಿಲೆಗಳು ಪರಿಚಿತವಾದವುಗಳೇ ಆಗಿರುತ್ತವೆ. ದಮ್ಮು, ನ್ಯುಮೋನಿಯಾ, ಕ್ಷಯರೋಗ, ಧೂಮಪಾನದಿಂದ ಹಾಗೂ ಒಲೆಯ ಹೊಗೆಯಿಂದ ಉಂಟಾದ ಶ್ವಾಸಕೋಶದ ಹಾನಿ, ಹೃದಯ ವೈಫಲ್ಯ ಮುಂತಾದವು ಇವುಗಳಲ್ಲಿ ಮುಖ್ಯವಾದವು. ವೈದ್ಯರು ಮೊದಲು ಇವುಗಳನ್ನೇ ಪರಿಶೀಲಿಸುವುದು ಸರಿಯಾದ ಕ್ರಮವಾಗಿದೆ.

ಆದರೆ ಅಪರೂಪಕ್ಕೆ, ಹುಟ್ಟಿನಿಂದಲೇ ದೇಹದಲ್ಲಿದ್ದು ಇಪ್ಪತ್ತು, ಮೂವತ್ತು ಅಥವಾ ಐವತ್ತನೆಯ ವಯಸ್ಸಿನವರೆಗೂ ಹೊರಗೆ ಕಾಣಿಸಿಕೊಳ್ಳದ ದೋಷವೊಂದು ಈ ತೊಂದರೆಗೆ ಕಾರಣವಾಗಿರುತ್ತದೆ. ಇಂತಹ ರೋಗಿಗಳಿಗೆ ವಾಡಿಕೆಯ ಚಿಕಿತ್ಸೆ ಸಾಲದೆ ಹೋಗಬಹುದು. ಕೆಲವೊಮ್ಮೆ ಅಪಾಯವನ್ನೂ ತರಬಹುದು. ಮನೆಯವರು ತಿಳಿಸುವ ಒಂದೆರಡು ಹಳೆಯ ಸಂಗತಿಗಳು ಇಂತಹ ಸಂದರ್ಭದಲ್ಲಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲವು. ಆದ್ದರಿಂದ ಸಾರ್ವಜನಿಕರು ಯಾವ ಮಾಹಿತಿಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು ಹಾಗೂ ಯಾವ ಸೇವೆಗಳನ್ನು ಪಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಉದಾಹರಣೆಯಾಗಿ ಒಂದು ಸಂದರ್ಭ

ವಿಷಯವನ್ನು ಸ್ಪಷ್ಟಪಡಿಸುವ ಸಲುವಾಗಿ ಕಲಬುರಗಿ ನಗರದ ಜೇವರ್ಗಿ ಕಾಲೋನಿಯಲ್ಲಿ ವಾಸಿಸುವ 34 ವರ್ಷದ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಇವರ ತಂದೆತಾಯಿ ಸುಮಾರು 35 ಕಿ.ಮೀ. ದೂರದ ಕಮಲಾಪುರದಲ್ಲಿರುತ್ತಾರೆ. ನೆಗಡಿ, ಕೆಮ್ಮು ಹಾಗೂ ಜ್ವರವಿದ್ದ ಕಾರಣ ಅವರು ರಾತ್ರಿ ನಿದ್ರೆ ಬರಿಸುವ ಔಷಧಿಯನ್ನು ಸೇವಿಸಿ ಮಲಗುತ್ತಾರೆ. ಬೆಳಿಗ್ಗೆ ಎಷ್ಟು ಎಬ್ಬಿಸಿದರೂ ಪೂರ್ಣ ಎಚ್ಚರವಾಗುವುದಿಲ್ಲ, ತುಟಿಗಳು ನೀಲಿಯಾಗಿರುತ್ತವೆ. 108 ಆಂಬ್ಯುಲೆನ್ಸ್ ಮೂಲಕ ಅವರನ್ನು ಆಸ್ಪತ್ರೆಗೆ ಸಾಗಿಸಲಾಗುತ್ತದೆ.

ಆಮ್ಲಜನಕ ನೀಡಿದ ಕೂಡಲೇ ಬೆರಳಿಗೆ ಹಾಕಿದ ಆಕ್ಸಿಮೀಟರ್‌ನಲ್ಲಿ 97 ಎಂದು ತೋರಿಸುತ್ತದೆ. ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ರೋಗಿಯ ಮಂಪರು ಕಡಿಮೆಯಾಗುವುದಿಲ್ಲ, ಬದಲಾಗಿ ಹೆಚ್ಚುತ್ತದೆ. ಎಕ್ಸ್‌-ರೇ ಚಿತ್ರದಲ್ಲಿ ಇಷ್ಟು ತೀವ್ರ ಸ್ಥಿತಿಗೆ ತಕ್ಕ ದೋಷ ಕಾಣುವುದಿಲ್ಲ. ಪತ್ನಿಗೆ ತಿಳಿದಿರುವುದು ಬೆಳಗಿನ ತಲೆನೋವು ಮಾತ್ರ. ಅವರ ಮದುವೆಯಾಗಿ ಆರು ವರ್ಷಗಳಷ್ಟೇ ಆಗಿವೆ.

ವೈದ್ಯರ ಸೂಚನೆಯಂತೆ ಕಮಲಾಪುರಕ್ಕೆ ದೂರವಾಣಿ ಕರೆ ಮಾಡಿದಾಗ ತಾಯಿ ಎರಡು ಸಂಗತಿಗಳನ್ನು ತಿಳಿಸುತ್ತಾರೆ. ಹಸುಗೂಸಾಗಿದ್ದಾಗ ಮಗನು ನಿದ್ರೆಯಲ್ಲಿ ಎರಡು ಬಾರಿ ನೀಲಿಗಟ್ಟಿದ್ದನು. ಹನ್ನೆರಡನೆಯ ವಯಸ್ಸಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಾದ ನಂತರ ಸ್ವಂತವಾಗಿ ಉಸಿರಾಡಲು ಬಹಳ ಹೊತ್ತು ತೆಗೆದುಕೊಂಡಿದ್ದನು. ಈ ಮಾಹಿತಿಯ ಆಧಾರದ ಮೇಲೆ ವೈದ್ಯರು ಅಪಧಮನಿಯ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ತುರ್ತಾಗಿ ಪರೀಕ್ಷಿಸುತ್ತಾರೆ. ಅದು ಮಿತಿಮೀರಿ ಏರಿರುವುದು ಕಂಡುಬರುತ್ತದೆ. ರೋಗಿಯನ್ನು ಕೃತಕ ಉಸಿರಾಟದ ಯಂತ್ರಕ್ಕೆ ಒಳಪಡಿಸಲಾಗುತ್ತದೆ.

ಚಿಕಿತ್ಸೆ ಕಲಬುರಗಿಯಲ್ಲಿ ಲಭ್ಯವಿದ್ದರೂ ಕಾಯಿಲೆಯ ಸುಳಿವು ಕಮಲಾಪುರದ ಮನೆಯಲ್ಲಿ ಇತ್ತು ಎಂಬುದನ್ನು ಗಮನಿಸಬೇಕು. ಕರೆ ಮಾಡಲು ತಡವಾಗಿದ್ದರೆ ಅಷ್ಟರಮಟ್ಟಿಗೆ ಚಿಕಿತ್ಸೆಯೂ ತಡವಾಗುತ್ತಿತ್ತು.

3. ಪ್ರಮುಖ ಜನ್ಮಜಾತ ಸ್ಥಿತಿಗಳು

(ಅ) ಉಸಿರಾಟದ ಕೇಂದ್ರ ನಿಯಂತ್ರಣದ ದೋಷ

ಆರೋಗ್ಯವಂತರಲ್ಲಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾದ ಕೂಡಲೇ ಮೆದುಳು ಉಸಿರಾಟವನ್ನು ಚುರುಕುಗೊಳಿಸುತ್ತದೆ. ನಿದ್ರೆಯಲ್ಲಿಯೂ ಈ ವ್ಯವಸ್ಥೆ ಕೆಲಸ ಮಾಡುತ್ತಿರುತ್ತದೆ. ಜನ್ಮಜಾತ ಕೇಂದ್ರೀಯ ಅಲ್ಪಶ್ವಸನ ಎಂಬ ಸ್ಥಿತಿಯಲ್ಲಿ ಈ ವ್ಯವಸ್ಥೆ ದುರ್ಬಲವಾಗಿರುವುದರಿಂದ ಮುಖ್ಯವಾಗಿ ನಿದ್ರೆಯ ವೇಳೆ ಉಸಿರಾಟ ಮಂದವಾಗುತ್ತದೆ. ಫಾಕ್ಸ್‌-2ಬಿ ಎಂಬ ವಂಶವಾಹಿಯಲ್ಲಿನ ಬದಲಾವಣೆ ಇದಕ್ಕೆ ಕಾರಣವೆಂದು 2003ರಲ್ಲಿ ಪತ್ತೆಯಾಯಿತು. ತೀವ್ರ ಸ್ವರೂಪದ ದೋಷವು ನವಜಾತ ಶಿಶುವಿನಲ್ಲಿಯೇ ತಿಳಿದುಬರುತ್ತದೆ. ಸೌಮ್ಯ ಸ್ವರೂಪದ ದೋಷವು ಪ್ರಾಯದವರೆಗೂ ಮರೆಯಾಗಿದ್ದು, ಅರಿವಳಿಕೆ, ನಿದ್ರೆಯ ಔಷಧಿ ಅಥವಾ ಶ್ವಾಸಕೋಶದ ತೀವ್ರ ಸೋಂಕಿನ ಸಮಯದಲ್ಲಿ ಮೊದಲ ಬಾರಿಗೆ ಪ್ರಕಟವಾಗಬಹುದು.

ಇಂತಹ ರೋಗಿಗೆ ಉಸಿರು ಕಟ್ಟಿದ ಅನುಭವವೇ ಆಗದಿರಬಹುದು, ಏದುಸಿರು ಕಾಣಿಸದು. ಕೇವಲ ಆಮ್ಲಜನಕ ನೀಡಿದರೆ ಆಕ್ಸಿಮೀಟರ್‌ನ ಅಂಕಿ ಏರುತ್ತದೆ. ಆದರೆ ಉಸಿರಾಟ ಸಾಲದಿರುವುದರಿಂದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಆಕ್ಸಿಮೀಟರ್ ಈ ಅನಿಲವನ್ನು ಅಳೆಯುವುದಿಲ್ಲ. ಅದಕ್ಕಾಗಿ ರಕ್ತದ ಅನಿಲಗಳ ಪರೀಕ್ಷೆ ಅವಶ್ಯಕ. ವಯಸ್ಕರ ಅಪಧಮನಿಯ ರಕ್ತದಲ್ಲಿ ಈ ಪ್ರಮಾಣವು ಸಾಮಾನ್ಯವಾಗಿ ಪಾದರಸದ 35ರಿಂದ 45 ಮಿ.ಮೀ. ಇರುತ್ತದೆ. ಅಂಕಿ ಸರಿಯಾಗಿದ್ದರೂ ರೋಗಿ ಮಂಪರಿನಲ್ಲಿದ್ದರೆ ಅದನ್ನು ಮನೆಯವರು ಕೂಡಲೇ ವೈದ್ಯರ ಗಮನಕ್ಕೆ ತರಬೇಕು.

(ಆ) ವಪೆಯಲ್ಲಿನ ಜನ್ಮಜಾತ ರಂಧ್ರ

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಗೆ ವಪೆ ಎನ್ನುತ್ತಾರೆ. ಗರ್ಭದಲ್ಲಿ ಈ ಪರದೆ ಪೂರ್ಣವಾಗಿ ಮುಚ್ಚಿಕೊಳ್ಳದಿದ್ದರೆ ಹಿಂಭಾಗದಲ್ಲಿ, ಬಹುತೇಕ ಎಡಗಡೆಗೆ, ರಂಧ್ರ ಉಳಿಯುತ್ತದೆ. ಇದನ್ನು ಬೊಖ್‌ಡಾಲೆಕ್ ಹರ್ನಿಯಾ ಎಂದು ಕರೆಯಲಾಗುತ್ತದೆ. ಕೆಲವರಲ್ಲಿ ಇದು ವರ್ಷಗಟ್ಟಲೆ ತೊಂದರೆ ಕೊಡದೆ ಇದ್ದು, ಭಾರ ಎತ್ತಿದಾಗ, ತೀವ್ರವಾಗಿ ಕೆಮ್ಮಿದಾಗ ಅಥವಾ ಗರ್ಭಾವಸ್ಥೆಯಲ್ಲಿ ಹೊಟ್ಟೆಯೊಳಗಿನ ಒತ್ತಡ ಹೆಚ್ಚಾದಾಗ ಜಠರ ಅಥವಾ ಕರುಳು ಎದೆಗೂಡಿನೊಳಗೆ ಸರಿಯಬಹುದು.

ಉಸಿರಾಟದ ತೊಂದರೆಯ ಜೊತೆಗೆ ಹೊಟ್ಟೆನೋವು, ವಾಂತಿ ಹಾಗೂ ಊಟದ ನಂತರ ಹೆಚ್ಚುವ ಎದೆಯ ಬಿಗಿತ ಇದರ ಲಕ್ಷಣಗಳಾಗಿವೆ. ಎಕ್ಸ್‌-ರೇ ಚಿತ್ರದಲ್ಲಿ ಗಾಳಿ ತುಂಬಿದ ಜಠರವು ಶ್ವಾಸಕೋಶದ ಹೊರಗೆ ಸೇರಿದ ಗಾಳಿಯಂತೆಯೂ, ಕೆಲವೊಮ್ಮೆ ನೀರು ತುಂಬಿದಂತೆಯೂ ಕಾಣಬಹುದು. ಗಾಳಿ ಅಥವಾ ನೀರು ಸೇರಿದ್ದರೆ ಎದೆಗೆ ನಳಿಕೆ ಹಾಕಿ ಹೊರತೆಗೆಯುವುದು ವಾಡಿಕೆಯ ಚಿಕಿತ್ಸೆ. ಆದರೆ ಅಲ್ಲಿರುವುದು ಜಠರ ಅಥವಾ ಕರುಳಾಗಿದ್ದರೆ ನಳಿಕೆಯಿಂದ ಅದಕ್ಕೇ ಗಾಯವಾಗುವ ಅಪಾಯವಿದೆ. ಸಿ.ಟಿ. ಸ್ಕ್ಯಾನ್‌ನಿಂದ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಾಲ್ಯದಿಂದ ಊಟದ ನಂತರ ಎದೆ ಬಿಗಿಯುತ್ತಿತ್ತು ಎಂಬ ಸಂಗತಿಯೂ, ಹಿಂದೆ ತೆಗೆಸಿದ ಹಳೆಯ ಎಕ್ಸ್‌-ರೇ ಚಿತ್ರವೂ ಇಲ್ಲಿ ಬಹಳ ಉಪಯುಕ್ತವಾಗುತ್ತವೆ.

(ಇ) ಅರಿವಳಿಕೆಯ ನಂತರ ಉಸಿರಾಟ ಮರಳಲು ವಿಳಂಬ

ತುರ್ತು ಸಂದರ್ಭದಲ್ಲಿ ಗಂಟಲಿಗೆ ಉಸಿರಿನ ನಳಿಕೆ ಹಾಕುವಾಗ ಸ್ನಾಯುಗಳನ್ನು ಸಡಿಲಗೊಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯನ್ನು ಬಳಸುವುದುಂಟು. ರಕ್ತದಲ್ಲಿರುವ ಸ್ಯೂಡೋಕೋಲಿನ್‌ಎಸ್ಟರೇಸ್ ಎಂಬ ಕಿಣ್ವವು ಇದನ್ನು ಕರಗಿಸುವುದರಿಂದ ಕೆಲವೇ ನಿಮಿಷಗಳಲ್ಲಿ ಇದರ ಪರಿಣಾಮ ಮುಗಿಯುತ್ತದೆ. ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇರುವವರಲ್ಲಿ ಉಸಿರಾಟದ ಸ್ನಾಯುಗಳು ಗಂಟೆಗಟ್ಟಲೆ ಚಲನೆಯಿಲ್ಲದೆ ಉಳಿಯಬಹುದು. ಅಲ್ಲಿಯವರೆಗೆ ಯಂತ್ರದ ಮೂಲಕ ಉಸಿರಾಟವನ್ನು ಮುಂದುವರಿಸಬೇಕಾಗುತ್ತದೆ. ರೋಗಿಗೆ ಒಳಗೆ ಎಚ್ಚರವಿರುವ ಸಾಧ್ಯತೆ ಇರುವುದರಿಂದ ನಿದ್ರೆಯ ಔಷಧಿಯನ್ನೂ ಮುಂದುವರಿಸಲಾಗುತ್ತದೆ. ದಿನನಿತ್ಯದ ಜೀವನದಲ್ಲಿ ಈ ಕೊರತೆಯಿಂದ ಯಾವುದೇ ತೊಂದರೆಯಿಲ್ಲ.

ಈ ಕೊರತೆಯು ದಕ್ಷಿಣ ಭಾರತದಲ್ಲಿ ವಿಶೇಷ ಮಹತ್ವ ಪಡೆದಿದೆ. ಕೊಯಮತ್ತೂರಿನ ವೈಶ್ಯ ಸಮುದಾಯದವರಲ್ಲಿ ಈ ಕೊರತೆಗೆ ಕಾರಣವಾದ ವಂಶವಾಹಿಯ ಬದಲಾವಣೆಯೊಂದನ್ನು ಗುರುತಿಸಿದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಅಲ್ಲಿ ಪರೀಕ್ಷಿಸಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿ ಈ ಕಿಣ್ವದ ಚಟುವಟಿಕೆ ಕಂಡುಬರಲಿಲ್ಲ. ಕೊರತೆಯು ಇತರ ಸಮುದಾಯಗಳಲ್ಲಿಯೂ ಇರಬಹುದಾಗಿದ್ದು, ಇದನ್ನು ಯಾವುದೇ ಸಮುದಾಯದ ದೋಷವೆಂದು ಭಾವಿಸಬಾರದು. ಕುಟುಂಬದಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಮರಳಲು ವಿಳಂಬವಾಗಿದ್ದಲ್ಲಿ ಆ ಸಂಗತಿಯನ್ನು ಅರಿವಳಿಕೆ ತಜ್ಞರಿಗೆ ತಿಳಿಸಿದರೆ, ಅವರು ಬೇರೆ ಔಷಧಿಯನ್ನು ಆಯ್ಕೆ ಮಾಡಲು ಸಾಧ್ಯವಾಗುತ್ತದೆ.

ತೊಗರಿ ಹಾಗೂ ಹತ್ತಿ ಬೆಳೆಯುವ ಕಲಬುರಗಿ ಭಾಗದಲ್ಲಿ ಮತ್ತೊಂದು ಅಂಶವನ್ನೂ ಗಮನಿಸಬೇಕು. ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷಬಾಧೆಯನ್ನು ಗುರುತಿಸಲು ಇದೇ ಕಿಣ್ವದ ಪ್ರಮಾಣವನ್ನು ಅಳೆಯಲಾಗುತ್ತದೆ. ಜನ್ಮಜಾತ ಕೊರತೆ ಇರುವವರಲ್ಲಿ ವಿಷ ಸೇರದಿದ್ದರೂ ಈ ಪ್ರಮಾಣ ಕಡಿಮೆ ಇರುತ್ತದೆ. ಆದ್ದರಿಂದ ರೋಗಿ ಔಷಧಿ ಸಿಂಪಡಣೆ ಮಾಡಿದ್ದರೇ, ಮಾಡಿದ್ದರೆ ಯಾವಾಗ, ಯಾವ ಔಷಧಿ ಎಂಬುದನ್ನು ಮರೆಮಾಚದೆ ತಿಳಿಸುವುದು ಅವಶ್ಯಕ. ಸಾಧ್ಯವಿದ್ದಲ್ಲಿ ಡಬ್ಬಿಯ ಮೇಲಿನ ಚೀಟಿಯನ್ನು ತರಬೇಕು.

(ಈ) ಹುಟ್ಟಿನಿಂದ ಬಂದ ಕಫದ ಕಾಯಿಲೆಗಳು

ಶ್ವಾಸನಾಳದ ಒಳಭಾಗದಲ್ಲಿರುವ ಅತಿ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ದೂಡುತ್ತವೆ. ಈ ರೋಮಗಳು ಹುಟ್ಟಿನಿಂದಲೇ ಸರಿಯಾಗಿ ಚಲಿಸದಿದ್ದರೆ ಎಳವೆಯಿಂದಲೇ ಕಫದ ಕೆಮ್ಮು, ಮೂಗು ಸೋರುವಿಕೆ ಹಾಗೂ ಕಿವಿಯ ಸೋಂಕು ನಿರಂತರವಾಗಿರುತ್ತವೆ. ಇಂತಹವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆಗೂ ಯಕೃತ್ತು ಎಡಗಡೆಗೂ ಇರುತ್ತದೆ. 1933ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಈ ಸ್ಥಿತಿಯನ್ನು ಕಾರ್ಟಗೆನರ್ ಲಕ್ಷಣಕೂಟ ಎನ್ನಲಾಗುತ್ತದೆ. ತುರ್ತು ಸಮಯದಲ್ಲಿ ವಾಡಿಕೆಯಂತೆ ಎಡಗಡೆಗೆ ತೆಗೆದ ಇ.ಸಿ.ಜಿ. ಇವರಲ್ಲಿ ತಪ್ಪು ಚಿತ್ರ ನೀಡುತ್ತದೆ. ಅಪೆಂಡಿಕ್ಸ್‌ನ ನೋವು ಎಡಗಡೆಗೆ ಬರಬಹುದು.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಮತ್ತೊಂದು ವಂಶಪಾರಂಪರ್ಯ ಕಾಯಿಲೆಯಲ್ಲಿ ಕಫ ಅಂಟಂಟಾಗಿದ್ದು, ಬೆವರು ಅತಿಯಾಗಿ ಉಪ್ಪಾಗಿರುತ್ತದೆ. ಬೆವರಿನಲ್ಲಿನ ಕ್ಲೋರೈಡ್ ಪರೀಕ್ಷೆಯಿಂದ ಇದನ್ನು ಗುರುತಿಸುತ್ತಾರೆ. ಬೇಸಿಗೆಯಲ್ಲಿ ಬೆವರಿನ ಮೂಲಕ ಉಪ್ಪಿನಂಶ ಹೆಚ್ಚಾಗಿ ನಷ್ಟವಾಗಿ ಇಂತಹವರು ಕುಸಿದು ಬೀಳುವ ಸಂಭವವೂ ಇದೆ.

ಈ ಎರಡೂ ಸ್ಥಿತಿಗಳಲ್ಲಿ ದೀರ್ಘಕಾಲದ ಕೆಮ್ಮನ್ನು ಕ್ಷಯವೆಂದು ಭಾವಿಸುವ ಸಾಧ್ಯತೆ ಇರುತ್ತದೆ. ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಕಂಡುಬರದೆ ಒಂದಕ್ಕಿಂತ ಹೆಚ್ಚು ಬಾರಿ ಕ್ಷಯದ ಚಿಕಿತ್ಸೆ ಪಡೆದಿದ್ದರೆ ಆ ವಿವರವನ್ನು ವೈದ್ಯರಿಗೆ ತಿಳಿಸಬೇಕು. ಆದರೆ ಕ್ಷಯದ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಯಾವುದೇ ಕಾರಣಕ್ಕೂ ನಿಲ್ಲಿಸಬಾರದು.

(ಉ) ರಕ್ತದ ಜನ್ಮಜಾತ ದೋಷ

ಕೆಲವರಲ್ಲಿ ಶ್ವಾಸಕೋಶಗಳು ಸರಿಯಾಗಿದ್ದರೂ ರಕ್ತದ ಹಿಮೋಗ್ಲೋಬಿನ್ ಭಾಗಶಃ ಆಮ್ಲಜನಕವನ್ನು ಹೊರಲಾಗದ ರೂಪದಲ್ಲಿರುತ್ತದೆ. ಇದಕ್ಕೆ ಮೆಥೆಮೋಗ್ಲೋಬಿನ್ ಸ್ಥಿತಿ ಎನ್ನುತ್ತಾರೆ. ತುಟಿ ಹಾಗೂ ಉಗುರುಗಳು ಬಾಲ್ಯದಿಂದಲೇ ನೀಲಿ ಛಾಯೆಯಲ್ಲಿರುತ್ತವೆ. ರಕ್ತವು ಕಂದು ಬಣ್ಣವಾಗಿರುತ್ತದೆ. ಈ ಪ್ರಮಾಣ ಹೆಚ್ಚಾದಾಗ ಎಷ್ಟು ಆಮ್ಲಜನಕ ನೀಡಿದರೂ ಆಕ್ಸಿಮೀಟರ್‌ನ ಅಂಕಿ 85ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಮೆಥಿಲೀನ್ ಬ್ಲೂ ಎಂಬ ಔಷಧಿ ಇದಕ್ಕೆ ಪರಿಣಾಮಕಾರಿಯಾಗಿದ್ದರೂ ಜಿ-6-ಪಿ.ಡಿ. ಎಂಬ ಕಿಣ್ವದ ಕೊರತೆ ಇರುವವರಿಗೆ ಅದು ಹಾನಿಕರ. ಆದ್ದರಿಂದ ಹಿಂದೆ ಯಾವುದಾದರೂ ಔಷಧಿಯಿಂದ ಕಾಮಾಲೆ ಅಥವಾ ಕಪ್ಪು ಮೂತ್ರವಾಗಿದ್ದರೆ ಅದನ್ನು ಮುಂಚಿತವಾಗಿ ತಿಳಿಸಬೇಕು.

4. ಕುಟುಂಬದ ವಿವರ ಏಕೆ ಬೇಕು

ಮೇಲಿನ ಸ್ಥಿತಿಗಳಲ್ಲಿ ಹಲವು, ತಂದೆ ಹಾಗೂ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಸೋದರಮಾವನೊಂದಿಗೆ ಅಥವಾ ಸೋದರತ್ತೆ, ಸೋದರಮಾವಂದಿರ ಮಕ್ಕಳೊಂದಿಗೆ ಮದುವೆಯಾಗುವ ಪದ್ಧತಿ ಇರುವ ಕುಟುಂಬಗಳಲ್ಲಿ ಈ ಸಾಧ್ಯತೆ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ನಡೆದಿದೆ. ಉಸಿರಾಟದ ಕೇಂದ್ರ ನಿಯಂತ್ರಣದ ದೋಷವಾದರೋ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರವೂ ಬರಬಹುದು. ಆದ್ದರಿಂದ ಒಬ್ಬರಲ್ಲಿ ಕಾಯಿಲೆ ಖಚಿತವಾದಲ್ಲಿ ತಂದೆತಾಯಿ, ಒಡಹುಟ್ಟಿದವರು ಹಾಗೂ ಮಕ್ಕಳ ಪರೀಕ್ಷೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಸೂಕ್ತ. ವೈದ್ಯರು ಸಂಬಂಧದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬೇಕು.

5. ವೈದ್ಯರಿಗೆ ತಿಳಿಸಬೇಕಾದ ಅಂಶಗಳು

ರೋಗಿಯ ಜೊತೆಗೆ ಬಂದವರು ಈ ಕೆಳಕಂಡ ಅಂಶಗಳನ್ನು ತಿಳಿಸತಕ್ಕದ್ದು:

1. ಹುಟ್ಟಿದ ದಿನಗಳಲ್ಲಿ ಮಗು ನೀಲಿಗಟ್ಟಿತ್ತೇ, ಆಸ್ಪತ್ರೆಯಲ್ಲಿ ಆಮ್ಲಜನಕದಲ್ಲಿ ಇಡಲಾಗಿತ್ತೇ.
2. ಹಿಂದೆ ಶಸ್ತ್ರಚಿಕಿತ್ಸೆಯಾದಾಗ ಎಚ್ಚರವಾಗಲು ಅಥವಾ ಉಸಿರಾಡಲು ವಿಳಂಬವಾಗಿತ್ತೇ.
3. ನಿದ್ರೆಯಲ್ಲಿ ಉಸಿರು ನಿಂತಂತೆ ಕಾಣುತ್ತದೆಯೇ, ಬೆಳಿಗ್ಗೆ ತಲೆನೋವು ಇರುತ್ತದೆಯೇ.
4. ಎಳವೆಯಿಂದ ನಿಲ್ಲದ ಕಫ, ಕಿವಿ ಅಥವಾ ಮೂಗಿನ ಸೋಂಕು ಇದೆಯೇ.
5. ಹೃದಯ ಬಲಗಡೆಗೆ ಇದೆ ಎಂದು ಯಾರಾದರೂ ವೈದ್ಯರು ಹೇಳಿದ್ದರೇ.
6. ಕುಟುಂಬದಲ್ಲಿ ಕಾರಣ ತಿಳಿಯದೆ ತೀರಿಕೊಂಡ ಶಿಶುಗಳು ಅಥವಾ ಅರಿವಳಿಕೆಯ ವೇಳೆ ತೊಂದರೆಗೊಳಗಾದವರು ಇದ್ದಾರೆಯೇ.
7. ಕಳೆದ ಒಂದು ವಾರದಲ್ಲಿ ಸೇವಿಸಿದ ಔಷಧಿಗಳು ಯಾವುವು. ನಾಟಿ ಔಷಧಿ ಹಾಗೂ ನಿದ್ರೆಯ ಮಾತ್ರೆಗಳನ್ನೂ ಸೇರಿಸಬೇಕು.

ಈ ವಿವರಗಳನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದು, ರಕ್ತದ ಗುಂಪು ಹಾಗೂ ಅಲರ್ಜಿಯ ವಿವರದೊಂದಿಗೆ ಪಡಿತರ ಚೀಟಿಯ ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಗನು ನಗರದಲ್ಲಿ, ತಂದೆತಾಯಿ ಊರಿನಲ್ಲಿ ಇರುವ ಕುಟುಂಬಗಳು ಇದರ ಪ್ರತಿಯನ್ನು ಎರಡೂ ಮನೆಗಳಲ್ಲಿ ಇಡಬೇಕು. ‘ಗುಲ್ಬರ್ಗಾ’ ಎಂದು ನಮೂದಾಗಿರುವ ಹಳೆಯ ಆಸ್ಪತ್ರೆ ಚೀಟಿಗಳನ್ನು ನಿರುಪಯುಕ್ತವೆಂದು ಎಸೆಯಬಾರದು. ನಗರದ ಹೆಸರು 2014ರಲ್ಲಿ ಬದಲಾಗಿದ್ದರೂ ಅವುಗಳಲ್ಲಿನ ವೈದ್ಯಕೀಯ ಮಾಹಿತಿ ಹಾಗೆಯೇ ಉಳಿದಿರುತ್ತದೆ.

6. ಲಭ್ಯವಿರುವ ಸೇವೆಗಳು

ತುರ್ತು ವಾಹನ: ತುಟಿ ನೀಲಿಯಾಗುವುದು, ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಲಾಗದಿರುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ ಈ ಆಂಬ್ಯುಲೆನ್ಸ್ ಸೇವೆ ಉಚಿತವಾಗಿದೆ. ವಾಹನ ಬರುವವರೆಗೆ ಎಚ್ಚರವಿರುವ ರೋಗಿಯನ್ನು ಒರಗಿ ಕೂರಿಸಬೇಕು. ನಿದ್ರೆಯ ಮಾತ್ರೆ ಅಥವಾ ಮದ್ಯವನ್ನು ನೀಡಬಾರದು. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಬಾರದು.

ತುರ್ತು ಚಿಕಿತ್ಸೆಯ ಹಕ್ಕು: ಜೀವ ಉಳಿಸುವ ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ ಅಥವಾ ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಚಿಕಿತ್ಸಾ ವೆಚ್ಚ: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಸಾಮಾನ್ಯ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಯೋಜನೆಯಲ್ಲಿ ನಿಗದಿಪಡಿಸಿದ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಇಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ಆಧಾರ್ ಹಾಗೂ ಪಡಿತರ ಚೀಟಿಯನ್ನು ಹಾಜರುಪಡಿಸಬೇಕು.

ದಾಖಲೆಗಳ ಪ್ರತಿ: ಒಳರೋಗಿಯಾಗಿದ್ದವರು ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೋರಿಕೆ ಸಲ್ಲಿಸಿದಲ್ಲಿ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳಲ್ಲಿ ವಿಧಿಸಲಾಗಿದೆ. ಬಿಡುಗಡೆಯ ಚೀಟಿಯಷ್ಟಕ್ಕೇ ತೃಪ್ತರಾಗದೆ ಅರಿವಳಿಕೆಯ ಟಿಪ್ಪಣಿ ಹಾಗೂ ರಕ್ತದ ಅನಿಲಗಳ ವರದಿಯನ್ನೂ ಕೇಳಿ ಪಡೆಯುವುದು ಉಪಯುಕ್ತ. 14 ಅಂಕಿಗಳ ಆಭಾ ಸಂಖ್ಯೆಯನ್ನು ಹೊಂದಿರುವವರು ತಮ್ಮ ದಾಖಲೆಗಳನ್ನು ಅದಕ್ಕೆ ಜೋಡಿಸಿಕೊಳ್ಳಬಹುದು.

ಅಪರೂಪದ ಕಾಯಿಲೆಗಳಿಗೆ ನೆರವು: 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, ಅದರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೂ. 50 ಲಕ್ಷದವರೆಗೆ ನೆರವು ನೀಡಲು ಅವಕಾಶವಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಂದಿಗೆ ಈ ಕಾರ್ಯ ನಿರ್ವಹಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಸ್ಥಿತಿಗಳಿಗೆ ಈ ನೆರವು ಅನ್ವಯಿಸುವುದಿಲ್ಲ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಕಾಯಿಲೆಯ ನಿಖರ ಹೆಸರನ್ನು ಬರೆಸಿಕೊಳ್ಳಬೇಕು.

7. ಸೂಚನೆ

ಇಲ್ಲಿ ವಿವರಿಸಿದ ಲಕ್ಷಣಗಳು ಸಾಮಾನ್ಯ ಕಾಯಿಲೆಗಳಲ್ಲಿಯೂ ಕಂಡುಬರುತ್ತವೆ. ಲಕ್ಷಣ ಇರುವವರೆಲ್ಲರಿಗೂ ಜನ್ಮಜಾತ ದೋಷವಿದೆ ಎಂದು ಭಾವಿಸಿ ಆತಂಕಪಡುವ ಅವಶ್ಯಕತೆಯಿಲ್ಲ. ಈ ಮಾಹಿತಿಯನ್ನು ಓದಿ ಸ್ವತಃ ಚಿಕಿತ್ಸೆ ಮಾಡಿಕೊಳ್ಳಬಾರದು. ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಲೂಬಾರದು. ಕಾಯಿಲೆಯನ್ನು ನಿರ್ಧರಿಸುವುದು ವೈದ್ಯರ ಕೆಲಸ. ರೋಗಿಯ ಬಾಲ್ಯದ ವಿವರಗಳು ಮಾತ್ರ ಮನೆಯವರಿಂದಲೇ ದೊರೆಯಬೇಕಾಗಿದ್ದು, ಅವುಗಳನ್ನು ಇಂದೇ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.